ಗಣಿ ಮುಚ್ಚಿತು, ಪಕ್ಕದ ಮನೆ ಬಾಗಿಲೂ ಮುಚ್ಚಬೇಕೇ?

ಕೆ.ಜಿ.ಎಫ್. ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಸಂಬಳ ಹೋಯಿತು, ಬೋನಸ್ ಹೋಯಿತು ಎಂದು ಎಲ್ಲರೂ ಲೆಕ್ಕ ಹಾಕಿದರು. ಪಕ್ಕದ ಮನೆಯವರೂ ಹೋದರಲ್ಲ, ಅದರ ಲೆಕ್ಕ ಇಟ್ಟವರು ಯಾರು?

1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಗಣಿ ಶುರು ಮಾಡಿದ ಮೇಲೆ ತಮಿಳರು, ತೆಲುಗರು ಇಲ್ಲಿಗೆ ಬಂದರು. ಸುತ್ತಲ ಹಳ್ಳಿಯ ಕನ್ನಡಿಗರೂ ಸೇರಿಕೊಂಡರು. ಸಾಹೇಬರ ಬಂಗಲೆ ಬೇರೆ, ಕೂಲಿಯವರ ಲೈನ್ ಮನೆ ಬೇರೆ. ಅಲ್ಲೇನೂ ಸಮಾನತೆ ಇರಲಿಲ್ಲ. ಆದರೆ ಲೈನಿನಲ್ಲಿ ಸಾಲು ಮನೆ, ನಡುವೆ ಒಂದೇ ಗೋಡೆ. ಈ ಮನೆ ಒಗ್ಗರಣೆ ಆ ಮನೆಗೆ ಗೊತ್ತು.

ಆ ಸ್ನೇಹ ಭಾಷಣದಿಂದ ಹುಟ್ಟಿದ್ದಲ್ಲ. ಗಣಿಯೊಳಗೆ ಬಂಡೆ ಸಿಡಿದರೆ ಮೇಲಿನ ಮನೆಗಳೂ ನಡುಗುತ್ತಿದ್ದವು. ಕೆಳಗೆ ಸಿಕ್ಕಿಕೊಂಡವನು ಯಾರ ಮನೆಯವನು ಎಂದು ತಿಳಿಯುವ ತನಕ ಎಲ್ಲರಿಗೂ ಎದೆ ಡವಡವ. ಆ ಹೊತ್ತಿನಲ್ಲಿ ನಿನ್ನ ಭಾಷೆ ಯಾವುದು ಅಂತ ಯಾರು ಕೇಳ್ತಾರೆ? ಅಕ್ಕ ಅಂದರೆ ಮೂರು ಭಾಷೆಗೂ ಅಕ್ಕನೇ.

ಈಗ ಆ ಜನ ಚದುರಿದ್ದಾರೆ. ಆಂಗ್ಲೋ ಇಂಡಿಯನ್ನರಲ್ಲಿ ಬಹಳ ಮಂದಿ ಗಣಿ ಮುಚ್ಚುವ ಮೊದಲೇ ಇಂಗ್ಲೆಂಡ್, ಆಸ್ಟ್ರೇಲಿಯಾ ಸೇರಿದರು. ಹಲವರು ಬೆಂಗಳೂರಿಗೆ ಮನೆ ಬದಲಾಯಿಸಿದರು. ಉಳಿದವರು ಬೆಳಗಾಗೆದ್ದು ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಹಳೇ ಲೈನಿನವರು ಒಬ್ಬರನ್ನೊಬ್ಬರು ನೋಡುವುದು ಆ ಡಬ್ಬಿಯಲ್ಲೇ. "ಅಮ್ಮ ಹೇಗಿದ್ದಾರೆ?" ಎಂದು ಕೇಳುವಷ್ಟರಲ್ಲಿ ಸ್ಟೇಷನ್ ಬಂತು.

ಫೋನ್ ಇದೆಯಲ್ಲ ಅಂತೀರಾ? ಹಬ್ಬದ ದಿನ ಹೂವಿನ ಚಿತ್ರ ಕಳಿಸಿದರೆ ನಂಟು ಉಳಿಯುತ್ತದೆಯೇ? ಒಂದೇ ಗೋಡೆ ಇದ್ದಾಗ ಸ್ನೇಹ ತಾನಾಗಿಯೇ ನಡೆಯುತ್ತಿತ್ತು. ಈಗ ಕಾಲಿಗೆ ಕೆಲಸ ಕೊಡಬೇಕು. ಮದುವೆಗಷ್ಟೇ ಅಲ್ಲ, ಕಾಯಿಲೆಗೆ, ಸಾವಿಗೆ ಹೋಗಿ ಬರಬೇಕು. ದೊಡ್ಡವರೇನೋ ಹೋಗುತ್ತಾರೆ, ಮಕ್ಕಳನ್ನು ಕರೆದುಕೊಂಡು ಹೋಗುವುದಿಲ್ಲ. ತೊಂದರೆ ಇರುವುದೇ ಅಲ್ಲಿ.

ಇದು ಬರೀ ಭಾವನೆಯ ಮಾತಲ್ಲ. 1991ರಲ್ಲಿ, ಮತ್ತೆ 2016ರಲ್ಲಿ ಕಾವೇರಿ ನೀರಿನ ಜಗಳಕ್ಕೆ ಬೆಂಗಳೂರಿನಲ್ಲಿ ಬೆಂಕಿ ಬಿತ್ತು. ಬೇರೆ ಭಾಷೆಯ ಮನೆಯಲ್ಲಿ ಉಂಡು ಬೆಳೆದವನಿಗೆ ಕಲ್ಲೆತ್ತಲು ಕೈ ಬರುವುದಿಲ್ಲ. ಆ ಮನೆಯ ಹೊಸ್ತಿಲನ್ನೇ ನೋಡದವನಿಗೆ ಯಾವ ಹಂಗು?

ಪೊಂಗಲ್‌ಗೋ, ಯುಗಾದಿಗೋ, ಕ್ರಿಸ್‌ಮಸ್‌ಗೋ ಹಳೇ ನೆರೆಯವರ ಮನೆಗೆ ಹೊರಟಾಗ ಮಕ್ಕಳಿಗೂ ಒಂದು ಟಿಕೆಟ್ ತೆಗೆಸಲಿ. ಆ ದುಡ್ಡು ದಂಡವಲ್ಲ.