‘ಐ ಅಗ್ರೀ’ ಒತ್ತೋ ಮುಂಚೆ ಒಂದ್ನಿಮಿಷ...

ತರಕಾರಿಯವನ ತಕ್ಕಡಿ ಮೇಲೆ ಕಣ್ಣಿಡುತ್ತೀರಿ. ಬೇಳೆ ಪ್ಯಾಕೆಟ್ಟು ತಿರುಗಿಸಿ ತಾರೀಖು ನೋಡುತ್ತೀರಿ. ಆದರೆ ಮೊಬೈಲಿಗೋ ಕಂಪ್ಯೂಟರಿಗೋ ಹೊಸ ಪ್ರೋಗ್ರಾಂ ಹಾಕುವಾಗ ಬರುವ ಉದ್ದನೆಯ ಷರತ್ತುಗಳನ್ನು ಯಾರು ಓದ್ತಾರೆ ಹೇಳಿ? ‘ಐ ಅಗ್ರೀ’ ಒತ್ತಿದರಾಯಿತು, ಅತ್ತ ಒಲೆ ಮೇಲೆ ಹಾಲು ಉಕ್ಕುತ್ತಿರುತ್ತದೆ!

ಆ ಷರತ್ತುಗಳ ನಡುವೆ ಕೆಲವೊಮ್ಮೆ ಒಂದು ಸಾಲು ಅಡಗಿರುತ್ತದೆ. ನಿಮ್ಮ ಇಂಟರ್‌ನೆಟ್ಟನ್ನು ನಾವೂ ಬಳಸಿಕೊಳ್ಳುತ್ತೇವೆ ಅಂತ. ಅಂದರೆ ನಿಮ್ಮ ಮನೆ ನಲ್ಲಿಗೆ ಪೈಪು ಹಾಕಿ ಯಾರೋ ನೀರು ಹಿಡಿದುಕೊಂಡ ಹಾಗೆ. ಮೀಟರು ಮಾತ್ರ ನಿಮ್ಮ ಹೆಸರಿನಲ್ಲೇ ಓಡುತ್ತದೆ.

ಸ್ಕೈಪ್ ನೆನಪಿದೆಯಲ್ಲ? 2003ರಲ್ಲಿ ಶುರುವಾಗಿ 2025ರ ಮೇ ತಿಂಗಳಲ್ಲಿ ಮುಚ್ಚಿತು. ಅಮೆರಿಕದಲ್ಲಿರುವ ಮಗನ ಮುಖ ನೋಡಲು ನಮ್ಮಲ್ಲಿ ಎಷ್ಟು ತಾಯಂದಿರು ಅದರ ಮುಂದೆ ಕೂತಿಲ್ಲ! ಬೇರೆ ಬಳಕೆದಾರರ ಮಾತುಕತೆಗೆ ನೆರವಾಗಲು ನಿಮ್ಮ ಕಂಪ್ಯೂಟರಿನ ಪ್ರೊಸೆಸರು, ಬ್ಯಾಂಡ್‌ವಿಡ್ತ್ ಬಳಸಲು ಅನುಮತಿ ಕೊಟ್ಟಿದ್ದೀರಿ ಎಂದು ಅದರ ಲೈಸೆನ್ಸಿನಲ್ಲೇ ಬರೆದಿತ್ತು. ಆಗಿನ ಬಿಎಸ್ಸೆನ್ನೆಲ್ ಬ್ರಾಡ್‌ಬ್ಯಾಂಡಿನಲ್ಲಿ ಮಿತಿ ದಾಟಿದರೆ ಎಂಬಿ ಲೆಕ್ಕದಲ್ಲಿ ದುಡ್ಡು. ಬಿಲ್ಲು ನೋಡಿ ಮಕ್ಕಳಿಗೆ ಬೈದವರೇ ಹೆಚ್ಚು. 2012ರಲ್ಲಿ ಮೈಕ್ರೋಸಾಫ್ಟ್ ಈ ಕೆಲಸವನ್ನು ತನ್ನದೇ ಸರ್ವರುಗಳಿಗೆ ಒಯ್ದಿತು.

ಸ್ಕೈಪ್ ಬಳಸಿದ್ದು ಮಾತುಕತೆಗೆ, ಹೋಗಲಿ ಬಿಡಿ. 2015ರಲ್ಲಿ ಹೊರಬಿದ್ದ ಹೋಲಾ ಪ್ರಕರಣ ಹಾಗಲ್ಲ. ಪುಕ್ಕಟೆ ವಿಪಿಎನ್ ಎಂದು ಹಾಕಿಕೊಂಡವರ ಸಂಪರ್ಕವನ್ನು ಆ ಕಂಪನಿ ಲುಮಿನಾಟಿ ಎಂಬ ತನ್ನ ಸೇವೆಯ ಮೂಲಕ ಬೇರೆಯವರಿಗೆ ಮಾರುತ್ತಿತ್ತು. ಇನ್ನೂ ಕೆಟ್ಟದ್ದು 911 ಎಸ್5 ಜಾಲ. 2024ರ ಮೇನಲ್ಲಿ ಅಮೆರಿಕದ ಪೊಲೀಸರು ಅದನ್ನು ಮುರಿದಾಗ 1.9 ಕೋಟಿಗೂ ಹೆಚ್ಚು ಇಂಟರ್‌ನೆಟ್ ವಿಳಾಸಗಳು ಅದರ ಕೈಯಲ್ಲಿದ್ದದ್ದು ಗೊತ್ತಾಯಿತು. ಬಲೆ ಬೀಸಿದ್ದು ಮಾಸ್ಕ್ ವಿಪಿಎನ್, ಡ್ಯೂ ವಿಪಿಎನ್‌ನಂಥ ಪುಕ್ಕಟೆ ಪ್ರೋಗ್ರಾಂಗಳ ಮೂಲಕ. ಆ ವಿಳಾಸಗಳ ಮರೆಯಲ್ಲಿ ಕಳ್ಳರು ವಂಚನೆ ನಡೆಸಿದರು.

ಇಲ್ಲೇ ನೋಡಿ ತೊಂದರೆ ಇರುವುದು. ಡೇಟಾ ಈಗ ಅಗ್ಗ, ಹೋದರೆ ಹೋಗಲಿ ಅನ್ನಬಹುದು. ಆದರೆ ವಂಚನೆಯ ಜಾಡು ಹಿಡಿದವರಿಗೆ ಮೊದಲು ಸಿಗುವುದು ಕನೆಕ್ಷನ್ ಯಾರ ಹೆಸರಿನಲ್ಲಿದೆ ಅನ್ನುವುದು. ಬೆಳಗಾವಿಯ ಫ್ಲ್ಯಾಟಿನಲ್ಲಿ ಅದು ಯಜಮಾನರದ್ದಿರಬಹುದು. ಅಥಣಿ ಕಡೆಯ ಅನಂತಪುರದ ಮನೆಯಲ್ಲಿ ವಯಸ್ಸಾದ ಮಾವನವರದ್ದು. ರಜೆಗೆ ಹೋದ ಮೊಮ್ಮಗ ಆಟಕ್ಕೆಂದು ಏನೋ ಹಾಕಿ ಬಂದಿದ್ದರೆ ಪಾಪ, ಅವರು ಏನಂತ ಉತ್ತರಿಸಬೇಕು?

ಹಾಗಂತ ಪೂರ್ತಿ ಷರತ್ತು ಓದುತ್ತ ಕೂರಬೇಕಿಲ್ಲ. ‘ಬ್ಯಾಂಡ್‌ವಿಡ್ತ್’, ‘ಪೀರ್’, ‘ಪ್ರಾಕ್ಸಿ’ ಪದಗಳು ಎಲ್ಲಿವೆ ಎಂದು ಹುಡುಕಿ, ಆ ಸಾಲನ್ನಷ್ಟೇ ಓದಿ. ‘ಸುಮ್ಮನೆ ಫೋನು ಆನ್ ಇಡಿ, ತಿಂಗಳಿಗೆ ಹಣ ಬರುತ್ತೆ’ ಅನ್ನುವ ಆ್ಯಪ್‌ಗಳ ಸಹವಾಸವೇ ಬೇಡ, ಅವು ಮಾರುವುದು ನಿಮ್ಮ ಸಂಪರ್ಕವನ್ನೇ. ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ‘ಡೇಟಾ ಯೂಸೇಜ್’ ತೆರೆದರೆ ಯಾವ ಆ್ಯಪ್ ಎಷ್ಟು ಡೇಟಾ ತಿಂದಿದೆ ಎಂದು ಕಾಣುತ್ತದೆ. ನೀವು ಮುಟ್ಟದ ಆ್ಯಪ್ ಮೇಲಿನ ಸಾಲಿನಲ್ಲಿದ್ದರೆ ತೆಗೆದುಹಾಕಿ. ಕಂಪ್ಯೂಟರಿನಲ್ಲಿ ವಿಂಡೋಸ್ 10 ಅಥವಾ 11 ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ಡೆಲಿವರಿ ಆಪ್ಟಿಮೈಸೇಶನ್’ ಹುಡುಕಿ. ನಿಮ್ಮ ಕಂಪ್ಯೂಟರಿಗೆ ಬಂದ ಅಪ್‌ಡೇಟನ್ನು ಇಂಟರ್‌ನೆಟ್ಟಿನಲ್ಲಿರುವ ಅಪರಿಚಿತರಿಗೂ ಕಳುಹಿಸಲು ಅಲ್ಲಿ ಅನುಮತಿ ಇರಬಹುದು. ಅದನ್ನು ಆಫ್ ಮಾಡಿದರೆ ನಿಮ್ಮ ಅಪ್‌ಡೇಟಿಗೇನೂ ಅಡ್ಡಿಯಾಗದು.