ಸಾಕಲು ತಂದ ಮಗು ಮರಳಿ ಹೋಗುವುದೇಕೆ?

ಆಸರೆಯಿಲ್ಲದ ಮಗುವಿಗೆ ಅನ್ನವಿಟ್ಟು ಅಕ್ಷರ ಕಲಿಸುವ ಹಂಬಲವುಳ್ಳ ಮನೆತನಗಳು ನಮ್ಮಲ್ಲಿ ಕಡಿಮೆಯಿಲ್ಲ. ಆದರೂ ಅಕ್ಕರೆಯಿಂದ ಕರೆತಂದ ಮಗುವನ್ನು ಕೆಲವೇ ತಿಂಗಳುಗಳಲ್ಲಿ ಮರಳಿ ಒಪ್ಪಿಸುವ ಪ್ರಸಂಗಗಳು ಒದಗುತ್ತವೆ. ಪ್ರೀತಿಯ ಕೊರತೆಯೇ ಇದಕ್ಕೆ ಕಾರಣವೆಂದು ತೀರ್ಮಾನಿಸುವುದು ನ್ಯಾಯವಲ್ಲ.

ಮೊದಲು ಒಂದು ಭೇದವನ್ನು ಅರಿಯಬೇಕು. ದತ್ತು ಪಡೆದ ಮಗು ಶಾಶ್ವತವಾಗಿ ಆ ಮನೆಯದಾಗುತ್ತದೆ. 2015ರ ಬಾಲನ್ಯಾಯ ಕಾಯ್ದೆಯ 44ನೆಯ ಕಲಮಿನಲ್ಲಿ ಹೇಳಿರುವ ಪೋಷಕ ಆರೈಕೆ ಹಾಗಲ್ಲ. ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ಮಗು ಅಲ್ಪಕಾಲವೋ ದೀರ್ಘಕಾಲವೋ ಬೇರೊಂದು ಕುಟುಂಬದಲ್ಲಿ ಬೆಳೆಯುತ್ತದೆ. ಸಮಿತಿ ಬೇಡವೆನ್ನದಿದ್ದರೆ ಹೆತ್ತವರು ಬಂದು ಕಾಣಬಹುದು. ಅವರ ಸ್ಥಿತಿ ಸುಧಾರಿಸಿದರೆ ಮಗು ಅವರಲ್ಲಿಗೆ ಹಿಂದಿರುಗಬಹುದು. ಇದನ್ನು ಮನಗಾಣದವರಿಗೆ ಹೆತ್ತ ತಾಯಿಯ ಮೊದಲ ಭೇಟಿಯೇ ಆಘಾತವಾಗುತ್ತದೆ.

ಎರಡನೆಯ ಕಾರಣ, ಕೃತಜ್ಞತೆಯ ನಿರೀಕ್ಷೆ. ಹಸಿವು, ಹೊಡೆತ, ಅಗಲಿಕೆಗಳನ್ನು ಕಂಡ ಮಗು ರೊಟ್ಟಿಯನ್ನು ಹಾಸಿಗೆಯಡಿ ಬಚ್ಚಿಡಬಹುದು, ಸುಳ್ಳಾಡಬಹುದು, ಹಾಸಿಗೆ ಒದ್ದೆ ಮಾಡಬಹುದು, ಅಕಾರಣ ಸಿಡುಕಬಹುದು. ಇದನ್ನು ಕೆಟ್ಟ ಸಂಸ್ಕಾರವೆಂದು ಬಗೆಯಬಾರದು. ‘ಇವರೂ ನನ್ನನ್ನು ಬಿಟ್ಟುಬಿಡುವರೇ?’ ಎಂಬ ಭಯ ಅದರೊಳಗೆ ಅಡಗಿರುತ್ತದೆ. ನಮ್ಮ ಊಟ, ಪೂಜೆ, ಆಚಾರಗಳಿಗೆ ಅದು ವಾರದಲ್ಲೇ ಒಗ್ಗಬೇಕೆಂದರೆ ಆ ಭಯ ಹೆಚ್ಚುತ್ತದೆ. ಒಮ್ಮೆ ಮನಸ್ಸು ಮುರಿದ ಮೇಲೆ, ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಎಂಬಂತೆ, ಮಗು ಮಾಡಿದ್ದೆಲ್ಲ ತಪ್ಪಾಗಿ ಕಾಣುತ್ತದೆ. ವಯಸ್ಸಿನಲ್ಲಿ ದೊಡ್ಡವರಾದ, ಈಗಾಗಲೇ ಹಲವು ನೆಲೆಗಳನ್ನು ಬದಲಿಸಿದ ಮಕ್ಕಳ ವಿಷಯದಲ್ಲಿ ಸಂಬಂಧ ಮುರಿಯುವ ಸಂಭವ ಹೆಚ್ಚೆಂದು ಹೊರದೇಶಗಳ ಅಧ್ಯಯನಗಳು ತೋರಿಸಿವೆ. ಒಂದು ಮನೆಯಲ್ಲಿ ಕಳೆದುಕೊಂಡ ವಿಶ್ವಾಸವನ್ನು ಮುಂದಿನ ಮನೆಯವರು ಗಳಿಸಬೇಕಾಗುತ್ತದೆ.

ಮೂರನೆಯದು, ಮನೆಯ ಸ್ವಂತ ಮಕ್ಕಳು. ಅವರನ್ನು ಕೇಳದೆ ಕೋಣೆ, ಆಟಿಕೆ, ತಾಯಿಯ ಮಡಿಲುಗಳನ್ನು ಹಂಚಿಬಿಟ್ಟರೆ ಅಸೂಯೆ ಸಹಜ.

ನಾಲ್ಕನೆಯದು, ಒಂಟಿತನ. ಕೂಡುಕುಟುಂಬದಲ್ಲಿ ಅಜ್ಜಿ, ಚಿಕ್ಕಮ್ಮ, ಸೋದರಮಾವಂದಿರ ಕೈಯಾಸರೆಯಿತ್ತು. ಇಂದಿನ ಹೊಸಕೆರೆಹಳ್ಳಿ, ಕತ್ರಿಗುಪ್ಪೆಗಳ ಎರಡು ಕೋಣೆಯ ಮನೆಗಳಲ್ಲಿ ಗಂಡಹೆಂಡಿರಿಬ್ಬರೇ ಹೆಣಗಬೇಕು. ಮೇಲಾಗಿ ‘ಯಾರದೋ ಮಗು, ನಿಮಗೇಕೆ ಈ ಗೊಡವೆ?’ ಎಂಬ ನೆರೆಹೊರೆಯವರ ಮಾತು. ಸಮಿತಿಯು ತಿಂಗಳಿಗೊಮ್ಮೆ ಮನೆಯನ್ನು ಪರಿಶೀಲಿಸಬೇಕೆಂದು ಕಾಯ್ದೆ ವಿಧಿಸಿದೆ. ಅನೇಕರು ಇದನ್ನು ತನಿಖೆಯೆಂದು ಹೆದರಿ ಕಷ್ಟವನ್ನು ಮುಚ್ಚಿಡುತ್ತಾರೆ. ಸಹನೆಯೆಲ್ಲ ತೀರಿದ ಮೇಲೆ ಬಾಯಿ ಬಿಡುತ್ತಾರೆ. ಹಾಗಾಗಬಾರದು. ಮೊದಲ ತಿಂಗಳಲ್ಲೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರೊಡನೆ ಮನಬಿಚ್ಚಿ ಮಾತಾಡಬೇಕು. ಬೆಂಗಳೂರಿನವರಿಗೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗವೂ ಇದೆ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪೋಷಕ ಆರೈಕೆಗೆ ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿಗಳ ನೆರವುಂಟು.

ಆದ್ದರಿಂದ, ಬಂಧುಗಳೇ, ಮಗುವನ್ನು ಕರೆತರುವ ಮುನ್ನ ಮನೆಮಂದಿಯೆಲ್ಲ ಕುಳಿತು ಆಲೋಚಿಸಿರಿ. ಕರೆತಂದ ಮೇಲೆ ಸೋಲು ಕಾಣುವ ಮೊದಲೇ ಸಹಾಯ ಕೇಳಿರಿ. ಎಲ್ಲ ಯತ್ನದ ನಂತರವೂ ಕೈಲಾಗದಿದ್ದರೆ ಸಮಿತಿಗೆ ತಿಳಿಸಿ, ಮಗುವಿಗೆ ಮೊದಲೇ ಹೇಳಿ, ಅದರ ಬಟ್ಟೆಬರೆ, ಪುಸ್ತಕ, ಭಾವಚಿತ್ರಗಳೊಡನೆ ಗೌರವದಿಂದ ಕಳುಹಿಸಿಕೊಡಿರಿ. ‘ನಿನ್ನಿಂದಲೇ ಹೀಗಾಯಿತು’ ಎಂಬ ಮಾತನ್ನು ಮಾತ್ರ ಎಂದಿಗೂ ಆಡದಿರಿ. ಆ ಮಾತನ್ನು ಮಗು ಆಯುಷ್ಯವಿಡೀ ಹೊರುತ್ತದೆ.