ಹಳೇ ಟ್ರ್ಯಾಕ್ಟರ್ ಟೈರ್ ಕೊಳ್ಳುವಾಗ ದಾಕ್ಷಿಣ್ಯ ಯಾಕೆ?

ಮಳೆಗಾಲ ಹತ್ತಿರ ಬಂತು ಅಂದ್ರೆ ನಮ್ಮ ಗ್ರೂಪುಗಳಲ್ಲಿ ಫೋಟೋ ಶುರು. "ಹಿಂದಿನ ಟೈರ್ ಜೋಡಿ ಕೊಡೋದಿದೆ, 13.6-28, ಬಟನ್ ಚೆನ್ನಾಗಿದೆ, ಡಿಸ್ಕ್ ಸಮೇತ." ಹೊಸ ಜೋಡಿ ಹಾಕಿಸೋ ದುಡ್ಡಲ್ಲಿ ಬೀಜ ಗೊಬ್ಬರ ಎಲ್ಲಾ ಬರುತ್ತೆ, ಹಂಗಾಗಿ ಹಳೇದು ಕೊಳ್ಳೋದರಲ್ಲಿ ತಪ್ಪೇನಿಲ್ಲ. ಮಧ್ಯೆ ಅಂಗಡಿಯವರ ಲಾಭ ಇಲ್ಲ, ಕೊಟ್ಟವರಿಗೂ ನಾಲ್ಕು ಕಾಸು ಹೆಚ್ಚು.

ನನ್ನ ತಕರಾರು ಬೇರೆ. ಎತ್ತು ಕೊಳ್ಳುವಾಗ ನಾವು ಹಲ್ಲು ನೋಡ್ತೀವಿ, ಸುಳಿ ನೋಡ್ತೀವಿ, ನಡೆಸಿ ನೋಡ್ತೀವಿ. ಮಾರೋನು ಬೇಜಾರು ಮಾಡ್ಕೊಳ್ಳಲ್ಲ. ಅದೇ ಟೈರ್ ಅಂದ್ರೆ "ನಮ್ಮವರೇ ಅಲ್ವಾ" ಅಂತ ಟೀ ಕುಡಿದು, ದುಡ್ಡು ಕೊಟ್ಟು, ಟ್ರೈಲರ್‌ಗೆ ಹೇರಿಕೊಂಡು ಬರ್ತೀವಿ. ಮನೆಗೆ ತಂದ ಮೇಲೆ ಒಳಗೆ ತ್ಯಾಪೆ ಕಂಡ್ರೆ ಬಾಯಿ ಬಿಡೋ ಹಾಗಿಲ್ಲ, ಯಾಕಂದ್ರೆ ಅವರು ಬೀಗರ ಕಡೆಯವರು. ನಮ್ಮೂರಲ್ಲಿ ಇಂಥ ಒಂದು ಜೋಡಿ ಟೈರ್‌ನಿಂದ ಎರಡು ಮನೆಯವರು ಮಾತು ಬಿಟ್ಟು ಮೂರು ವರ್ಷ ಆಯ್ತು.

ಬಟನ್ ಎತ್ತರ ಒಂದನ್ನೇ ನೋಡಿ ರೇಟ್ ಕಟ್ಟಬೇಡಿ. ಕಬ್ಬು, ಜಲ್ಲಿ ಹೊಡೆದು ಟಾರ್ ರಸ್ತೆಯಲ್ಲಿ ಓಡಿದ ಟೈರ್ ಬೇಗ ಸವೆಯುತ್ತೆ, ಆದರೆ ವಯಸ್ಸು ಕಡಿಮೆ ಇರಬಹುದು. ಗದ್ದೆ ಕೆಸರಲ್ಲೇ ಓಡಿದ್ದರ ಬಟನ್ ಎದ್ದು ಕಾಣುತ್ತೆ, ರಬ್ಬರ್ ಮಾತ್ರ ಬಿಸಿಲಿಗೆ ಒಣಗಿ ಸತ್ತಿರುತ್ತೆ. ವಯಸ್ಸು ತಿಳಿಯೋಕೆ ಟೈರ್ ಪಕ್ಕದಲ್ಲಿ ಒತ್ತಿರೋ ನಾಲ್ಕು ಅಂಕಿ ಹುಡುಕಿ. 3518 ಅಂತಿದ್ರೆ 2018ನೇ ಇಸವಿಯ 35ನೇ ವಾರದ ಮಾಲು. ಒಂದೇ ಪಕ್ಕದಲ್ಲಿ ಇರೋದೂ ಉಂಟು, ಆ ಪಕ್ಕ ಒಳಗಡೆ ಇದ್ರೆ ಬಗ್ಗಿ ನೋಡಿ. ಕೆಲವರು ಕಪ್ಪು ಪಾಲಿಶ್ ಬಳಿದು ಫೋಟೋ ಹಾಕ್ತಾರೆ. ಮದುಮಗನ ಹಾಗೆ ಹೊಳೆಯೋ ಟೈರ್ ಕಂಡ್ರೆ ನನಗೆ ಮೊದಲು ಅನುಮಾನವೇ.

ಡಿಸ್ಕ್ ಸಮೇತ ಕೊಳ್ಳೋದಾದ್ರೆ ಟೈರ್ ಬಿಚ್ಚಿಸಲೇಬೇಕು. ತೂಕಕ್ಕೆ ಅಂತ ನಾವೆಲ್ಲ ನೀರು ತುಂಬಿಸ್ತೀವಿ, ಈ ಅಳತೆಯ ಟೈರ್‌ಗೆ ಮುಕ್ಕಾಲು ತುಂಬಿಸಿದ್ರೆ ಹೆಚ್ಚುಕಡಿಮೆ 200 ಲೀಟರ್ ಹಿಡಿಯುತ್ತೆ. ವಾಲ್ವ್ ತೂತಿನ ಸುತ್ತ ಅದು ಸೋರಿ ಸೋರಿ ಡಿಸ್ಕ್ ತುಕ್ಕು ಹಿಡಿದಿರುತ್ತೆ, ಹೊರಗಿಂದ ಪೇಂಟ್ ಹೊಡೆದ್ರೆ ಏನೂ ಕಾಣಲ್ಲ. ಬೋಲ್ಟ್ ತೂತು ಮೊಟ್ಟೆ ಆಕಾರಕ್ಕೆ ತಿರುಗಿದ್ರೆ ಆ ಡಿಸ್ಕ್ ಗುಜರಿಗೆ ಸರಿ, ಟ್ರ್ಯಾಕ್ಟರ್‌ಗೆ ಬೇಡ. ಬಿಚ್ಚಿ ಹಾಕೋ ಕೂಲಿ ಕೊಳ್ಳುವವನು ಕೊಡಲಿ, ನ್ಯಾಯ ಅದು. ಆದರೆ "ಬಿಚ್ಚೋದೇನೂ ಬೇಡ, ನಾನಿಲ್ವಾ" ಅನ್ನೋರ ಹತ್ರ ನಾನಂತೂ ಕೊಳ್ಳಲ್ಲ, ಎಷ್ಟೇ ಹತ್ತಿರದವರಾಗಲಿ.

ಒಂದೇ ಟೈರ್ ಸಿಕ್ತು ಅಂತ ತಂದು ಹೊಸದರ ಜೊತೆ ಜೋಡಿ ಮಾಡೋರೂ ಇದ್ದಾರೆ. ಸುತ್ತಳತೆ ವ್ಯತ್ಯಾಸ ಆದ್ರೆ ನೇರ ದಾರಿಯಲ್ಲೂ ಡಿಫರೆನ್ಷಿಯಲ್‌ಗೆ ಬಿಡುವಿಲ್ಲ. ಫೋರ್ ವೀಲ್ ಗಾಡಿ ಇದ್ದವರು ಇನ್ನೂ ಹುಷಾರಾಗಿರಿ, ಅದರಲ್ಲಿ ಮುಂದಿನ ಮತ್ತು ಹಿಂದಿನ ಟೈರ್ ಅಳತೆಗೂ ಗೇರಿಗೂ ಲೆಕ್ಕ ಇದೆ. ಟೈರಲ್ಲಿ ಉಳಿಸಿದ್ದು ಗೇರ್‌ಬಾಕ್ಸ್ ಬಿಚ್ಚಿದ ದಿನ ಖಾಲಿ.

ಮಾರೋರಿಗೂ ಒಂದು ಮಾತು. ಎಲ್ಲಿ ಪಂಕ್ಚರ್ ಆಗಿತ್ತು, ಎಲ್ಲಿ ತ್ಯಾಪೆ ಇದೆ, ರೀಸೋಲ್ ಆಗಿದೆಯಾ ಅಂತ ಫೋಟೋ ಜೊತೆಗೇ ಬರೆದುಬಿಡಿ, ಆ ನಾಲ್ಕು ಅಂಕಿಯ ಫೋಟೋನೂ ಹಾಕಿ. ಸಾವಿರ ಎರಡು ಸಾವಿರ ಕಡಿಮೆ ಸಿಗಬಹುದು, ಸಿಗಲಿ ಬಿಡಿ. ದುಡ್ಡು ಕೊಡುವಾಗ ಒಂದು ಚೀಟಿಯಲ್ಲಿ ಟೈರ್ ನಂಬರ್, ತಾರೀಖು, ಮೊತ್ತ ಬರೆದು ಇಬ್ಬರೂ ಸಹಿ ಹಾಕಿ. ಅದನ್ನ ಕೇಳಿದ್ರೆ ಅವಮಾನ ಅಂದುಕೊಳ್ಳೋ ಹಿರಿಯರು ನಮ್ಮಲ್ಲಿ ಇದ್ದಾರೆ, ಗೊತ್ತು. ಅವರೇ ಹತ್ತು ಗುಂಟೆ ಗುತ್ತಿಗೆ ಕೊಡೋಕೆ ಬಾಂಡ್ ಪೇಪರ್ ಕೇಳ್ತಾರೆ.

ಇನ್ನೊಂದು, ನೋಡೋಕೆ ಹೋಗೋರು ಹಗಲಲ್ಲೇ ಹೋಗಿ. ಕೆಲಸ ಮುಗಿಸಿ ರಾತ್ರಿ ಎಂಟಕ್ಕೆ ಹೋದ್ರೆ ಟೈರ್ ಪಕ್ಕದ ಸಣ್ಣ ಬಿರುಕು ಮೊಬೈಲ್ ಬೆಳಕಲ್ಲಿ ಕಾಣಲ್ಲ.